ಹೀರೋ ಡಿಕ್ಕಿಯಲ್ಲಿ ಜಾಕ್ ಯಾಕಿಲ್ಲ?

ಗೆಳೆಯರೇ, ಈ ವಾರ ನಿಮಗೊಂದು ಪ್ರಶ್ನೆ. ನಮ್ಮ ಸಿನಿಮಾಗಳಲ್ಲಿ ಹೀರೋ ಕಾರಿನ ಡಿಕ್ಕಿ ತೆಗೆದರೆ ಏನು ಬರುತ್ತೆ? ಲಾಂಗು ಬರುತ್ತೆ, ನೋಟಿನ ಕಂತೆ ಬರುತ್ತೆ, ಒಮ್ಮೊಮ್ಮೆ ಕೈಕಾಲು ಕಟ್ಟಿದ ಕೇಡಿಯೇ ಉರುಳಿ ಬೀಳ್ತಾನೆ! ಜಾಕ್ ಬಂದದ್ದನ್ನ ಯಾರಾದರೂ ನೋಡಿದ್ದೀರಾ? ಊಹೂಂ. ಹೀರೋ ಗಾಡಿ ಪಂಚರ್ ಆಗೋದೇ ಅಪರೂಪ. ಆದರೂ ಹೀರೋಯಿನ್ ಮನೆ ಮುಂದೇನೇ ಆಗುತ್ತೆ!

ನಮ್ಮದು ಆಗಿದ್ದು ಮಂಡಗದ್ದೆ ದಾಟಿದ ಮೇಲೆ. ರಾತ್ರಿ ಹತ್ತೂವರೆ. ಧೋ ಅಂತ ಮಳೆ.

ಹೋದ ಮಳೆಗಾಲದ ಮಾತು. ನಾವು ಐದು ಜನ, ಗೆಳೆಯನ ಭಾವನ ಹಳೇ ಕಾರು, ಶೂಟಿಂಗ್ ಆದ ಜಾಗಗಳನ್ನ ನೋಡೋ ಯಾತ್ರೆ. ಬೆಂಗಳೂರು ಬಿಟ್ಟು ಮೊದಲು ಚಿತ್ರದುರ್ಗ. 1972ರಲ್ಲಿ ತೆರೆಗೆ ಬಂದ ಪುಟ್ಟಣ್ಣನವರ 'ನಾಗರಹಾವು' ಚಿತ್ರದ ಕೋಟೆ ಅದು. ಕೊನೆಗೆ ಆಗುಂಬೆ, ಶಂಕರಣ್ಣನ 'ಮಾಲ್ಗುಡಿ'. ನಡುವೆ, ದುರ್ಗದಿಂದ ದಾವಣಗೆರೆಗೆ ಹೋಗೋ ದಾರೀಲಿ, ಆನಗೋಡು. 1990ರ ಸೆಪ್ಟೆಂಬರ್ 30ರಂದು ಕಾರು ಅಪಘಾತದಲ್ಲಿ ಶಂಕರ್‌ನಾಗ್ ಹೋಗಿಬಿಟ್ಟ ಊರು. ಅವರಿಗಾಗ ಬರೀ 35 ವರ್ಷ. ನಾವ್ಯಾರೂ ಆಗ ಹುಟ್ಟಿರಲಿಲ್ಲ. ಆದರೂ ಇಳಿದು, ಚಪ್ಪಲಿ ಬಿಟ್ಟು ನಿಂತೆವು. ಯಾರ ಬಾಯಲ್ಲೂ ಮಾತಿಲ್ಲ.

ಆಮೇಲೆ ದಾವಣಗೆರೆ ಬೆಣ್ಣೆದೋಸೆ, ಹೊನ್ನಾಳಿ, ಶಿವಮೊಗ್ಗ.... ಹಾಡು, ಕೇಕೆ. ಆನಗೋಡು ಮರೆತೇ ಹೋಯ್ತು.

ಮಂಡಗದ್ದೆ ಆಚೆ ಕಾಡಿನ ತಿರುವಿನಲ್ಲಿ ಟೈರು ಢಂ ಅಂತು. ಸ್ಟೆಪ್ನಿ ಎಲ್ಲಿ? ಡಿಕ್ಕಿಯ ತಳದಲ್ಲಿ. ಅದರ ಮೇಲೆ ಐದು ಬ್ಯಾಗು, ಒಂದು ಸ್ಪೀಕರ್, ರೀಲ್ಸ್ ಮಾಡೋಕೆ ತಂದ ಸ್ಟ್ಯಾಂಡು, ಚಿಪ್ಸಿನ ಚೀಲ. ಎಲ್ಲವನ್ನೂ ಮಳೇಲಿ ರಸ್ತೆಗೆ ಇಳಿಸಿದೆವು. ಎತ್ತಿದರೆ ಸ್ಟೆಪ್ನಿಯಲ್ಲಿ ಗಾಳಿಯೇ ಇಲ್ಲ! ಕೆಂಪು ತ್ರಿಕೋನ ರಿಫ್ಲೆಕ್ಟರು ಕವರ್ ಕೂಡ ಬಿಚ್ಚದೆ ಅಲ್ಲೇ ತಳದಲ್ಲಿ ಮಲಗಿತ್ತು.

ಅಷ್ಟರಲ್ಲಿ ತಿರುವಿನಿಂದ ಒಂದು ಲಾರಿ. ಬ್ರೇಕಿನ ಕಿರುಚಾಟ ಇವತ್ತಿಗೂ ಕಿವಿಯಲ್ಲಿದೆ. ಕುಕ್ಕರಗಾಲಲ್ಲಿ ಕೂತು ನಟ್ಟು ಬಿಚ್ಚುತ್ತಿದ್ದ ನಮ್ಮ ಗೆಳೆಯನಿಂದ ಎರಡು ಮಾರು ದೂರಕ್ಕೆ ನಿಂತಿತು.

ಡ್ರೈವರ್ ಇಳಿದು ಬಂದರು. "ಏನ್ರಪ್ಪಾ ತಮ್ಮಾ, ಹಿಂದೆ ಒಂದು ಗುರುತು ಇಡಬಾರದಾ? ನಾನು ನೋಡದೇ ಹೋಗಿದ್ರೆ ನಾಳೆ ಇವರಮ್ಮಂಗೆ ಯಾರು ಹೇಳ್ತಿದ್ರಿ?"

ಉತ್ತರ ಇರಲಿಲ್ಲ. ಆ ಪುಣ್ಯಾತ್ಮ ಬೈದು ಹೋಗಲಿಲ್ಲ. ಲಾರಿಯ ಗಾಳಿ ಟ್ಯಾಂಕಿಗೆ ಪೈಪು ಸಿಕ್ಕಿಸಿ ನಮ್ಮ ಸ್ಟೆಪ್ನಿ ತುಂಬಿಕೊಟ್ಟರು. ದುಡ್ಡು ಕೊಡಹೋದರೆ, "ಟೀ ಕುಡೀರಿ ಹೋಗಿ" ಅಂದರು.

ಅವತ್ತಿನಿಂದ ನಾನು ಡಿಕ್ಕಿ ತುಂಬೋ ಕ್ರಮವೇ ಬದಲು. ಮೊದಲು ಒಳಗೆ ಹೋಗೋದು ಬಟ್ಟೆಬರೆ. ಕೊನೆಗೆ, ಎಲ್ಲಕ್ಕಿಂತ ಮೇಲೆ, ಕೈಗೆ ಸಿಗೋ ಹಾಗೆ ಒಂದೇ ಚೀಲ. ಅದರಲ್ಲಿ ಜಾಕು, ವೀಲ್ ಸ್ಪ್ಯಾನರ್, ಕೆಸರಿನಲ್ಲಿ ಜಾಕಿನಡಿ ಇಡೋಕೆ ಒಂದು ಮರದ ಹಲಗೆ, ಬ್ಯಾಟರಿ ಟಾರ್ಚು, ಮತ್ತೆ ಆ ತ್ರಿಕೋನ. ಗಾಡಿ ನಿಂತ ತಕ್ಷಣ ಮೊದಲು ತ್ರಿಕೋನ, ಆಮೇಲೆ ಜಾಕು. 50 ಹೆಜ್ಜೆ ಹಿಂದೆ ಇಡಿ. ತಿರುವಿದ್ದರೆ ತಿರುವಿಗೂ ಹಿಂದೆ. ನಟ್ಟನ್ನ ಗಾಡಿ ನೆಲದ ಮೇಲಿದ್ದಾಗಲೇ ಸಡಿಲ ಮಾಡಿ, ಆಮೇಲೆ ಜಾಕ್ ಏರಿಸಿ.

ಹೊರಡೋ ದಿನ ಗಾಳಿ ಹಿಡಿಸೋದು ನಾಲ್ಕು ಚಕ್ರಕ್ಕಲ್ಲ ಸ್ವಾಮಿ, ಐದಕ್ಕೆ! ಎಷ್ಟು ಅಂತ ಸಾಮಾನ್ಯವಾಗಿ ಡ್ರೈವರ್ ಬಾಗಿಲ ಪಕ್ಕದ ಚೀಟಿಯಲ್ಲೇ ಬರೆದಿರುತ್ತೆ. ಐದು ಲೀಟರ್ ನೀರು, ಗಾಯಕ್ಕೆ ಹತ್ತಿ, ಬ್ಯಾಂಡೇಜು, ಸ್ವಲ್ಪ ಚಿಲ್ಲರೆ ನೋಟು ಇರಲಿ. ಮಲೆನಾಡಿನ ಎಷ್ಟೋ ಕಡೆ ಸಿಗ್ನಲ್ ಸಿಗೋಲ್ಲ, ಫೋನ್‌ಪೇ ಹಾಡು ಹೇಳೋಲ್ಲ. 112, ಆಂಬುಲೆನ್ಸಿಗೆ 108, ರಾಷ್ಟ್ರೀಯ ಹೆದ್ದಾರಿಯಲ್ಲಿ 1033. ಈ ಮೂರು ನಂಬರು ಫೋನಿನಲ್ಲಲ್ಲ, ಬಾಯಲ್ಲೇ ಇರಲಿ.

ಕೊನೇದು ಯಾವ ಚೀಲದಲ್ಲೂ ಹಿಡಿಸೋಲ್ಲ. ಅದು ನಿದ್ದೆ. ಸೆಕೆಂಡ್ ಶೋ ಮುಗಿಸಿ ನೇರ ಸ್ಟೇರಿಂಗ್ ಹಿಡಿಯೋ ಶೂರರು ನಾವು. ಬೇಡ. ಹಿಂದಿನ ರಾತ್ರಿ ಮಲಗಿ. ಲೈಸೆನ್ಸ್ ಇರೋ ಇನ್ನೊಬ್ಬನನ್ನ ಕರ್ಕೊಂಡು ಹೋಗಿ.

ನಮ್ಮ ಕಾರಿನ ಹಿಂದಿನ ಗಾಜಿನ ಮೇಲೆ ಶಂಕರಣ್ಣನ ಸ್ಟಿಕರ್ ಈಗಲೂ ಇದೆ. ಈಗ ಅದರ ಕೆಳಗೆ, ಡಿಕ್ಕಿ ತೆಗೆದ ಕೂಡಲೇ ಕಾಣೋ ಹಾಗೆ, ಕವರ್ ಬಿಚ್ಚಿದ ಆ ತ್ರಿಕೋನವೂ ಇದೆ. ಅಭಿಮಾನ ಅಂದರೆ ಎರಡೂ ಇರಬೇಕು. ಏನಂತೀರಿ?