ಸೆರೆ ವ್ಯಾಪಾರವಾಗಬಾರದು

ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪಾದನೆಯಾದ ವಿದ್ಯುತ್ತು ಮೊದಲು ಹೋದದ್ದು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳಿಗೆ. ಗಣಿ ಬ್ರಿಟಿಷ್ ಕಂಪನಿಗಳದ್ದು; ಒಳಗಿಳಿದು ದುಡಿದವರಲ್ಲಿ ಬಹುಪಾಲು ಜನ ಹೊಟ್ಟೆಪಾಡಿಗೆ ತಮಿಳು ಸೀಮೆಯಿಂದ ಬಂದ ದಲಿತರು. 1930ರಲ್ಲಿ ಅವರ ಬೆರಳಚ್ಚು ಪಡೆದು ದಾಖಲೆ ಇಡಲು ಹೊರಟಾಗ ಕಾರ್ಮಿಕರು ಕೆಲಸ ನಿಲ್ಲಿಸಿ ಪ್ರತಿಭಟಿಸಿದರು. ಊರು ಬಿಟ್ಟು ಬಂದವನನ್ನು ಅನುಮಾನದಿಂದ ನೋಡುವುದು, ಅವನ ಬೆವರಿನಿಂದಲೇ ಲಾಭ ಎತ್ತುವುದು ಎರಡೂ ಹಳೆಯ ರೋಗಗಳು. ಇಂದು ಅವೆರಡೂ ಸೇರಿ ದೊಡ್ಡದೊಂದು ಉದ್ಯಮವೇ ಆಗಿದೆ.

ಅಮೆರಿಕದಲ್ಲಿ 1983ರಲ್ಲಿ ಆರಂಭವಾದ ಕರೆಕ್ಷನ್ಸ್ ಕಾರ್ಪೊರೇಷನ್ ಆಫ್ ಅಮೆರಿಕ ಎಂಬ ಕಂಪನಿ ಮರುವರ್ಷವೇ ಹ್ಯೂಸ್ಟನ್ ನಗರದಲ್ಲಿ ವಲಸಿಗರ ಬಂಧನ ಕೇಂದ್ರ ತೆರೆಯಿತು. ಇಂದು ಅದರ ಹೆಸರು ಕೋರ್‌ಸಿವಿಕ್. ಅದೂ ಜಿಯೋ ಗ್ರೂಪ್ ಎಂಬ ಇನ್ನೊಂದು ಕಂಪನಿಯೂ ಈ ವ್ಯವಹಾರದಲ್ಲಿ ಮುಂಚೂಣಿಯಲ್ಲಿವೆ. ಅಲ್ಲಿನ ಬಂಧಿತ ವಲಸಿಗರಲ್ಲಿ ಹೆಚ್ಚಿನವರು ಖಾಸಗಿಯವರು ನಡೆಸುವ ಕೇಂದ್ರಗಳಲ್ಲೇ ಇದ್ದಾರೆ. ಈ ಬಂಧನ ಅಪರಾಧಕ್ಕೆ ನ್ಯಾಯಾಲಯ ಕೊಟ್ಟ ಶಿಕ್ಷೆಯಲ್ಲ. ದೇಶದಲ್ಲಿ ಇರಲು ಹಕ್ಕುಂಟೇ ಇಲ್ಲವೇ ಎಂಬುದು ತೀರ್ಮಾನವಾಗುವವರೆಗೆ ಅಥವಾ ಹೊರಗೆ ಕಳಿಸುವವರೆಗೆ ಇರಿಸಿಕೊಳ್ಳುವ ತಡೆ.

ಲಾಭದ ಲೆಕ್ಕ ಸರಳ. ತಲೆಗೆ, ದಿನಕ್ಕೆ ಇಷ್ಟೆಂದು ಸರ್ಕಾರ ಹಣ ಕೊಡುತ್ತದೆ. ಹಲವು ಒಪ್ಪಂದಗಳಲ್ಲಿ ಹಾಸಿಗೆ ಖಾಲಿ ಇದ್ದರೂ ಕನಿಷ್ಠ ಸಂಖ್ಯೆಗೆ ಹಣ ಸಲ್ಲಲೇಬೇಕು. ಸುಮಾರು 34,000 ಹಾಸಿಗೆಗಳನ್ನು ಇಡಲೇಬೇಕೆಂದು ಅಲ್ಲಿನ ಸಂಸತ್ತೇ ವರ್ಷಗಟ್ಟಲೆ ಬಜೆಟ್ಟಿನಲ್ಲಿ ಬರೆದಿತ್ತು; 2017ರಲ್ಲಿ ಅದನ್ನು ಕೈಬಿಟ್ಟಿತು. ಆದರೆ 2025ರ ಜುಲೈನಲ್ಲಿ ಬಂಧನ ವ್ಯವಸ್ಥೆಗೆಂದೇ 4,500 ಕೋಟಿ ಡಾಲರ್ ತೆಗೆದಿಟ್ಟಿತು. ಬಿಡುಗಡೆ ತಡವಾದಷ್ಟೂ ಲಾಭ ಬೆಳೆಯುವ ಕಡೆ ನ್ಯಾಯ ಬೇಗ ಸಿಗಲಿ ಎಂದು ಬಯಸುವವರು ಯಾರು?

ವಾಷಿಂಗ್ಟನ್ ರಾಜ್ಯದ ಟಕೋಮಾ ಕೇಂದ್ರದಲ್ಲಿ ಅಡುಗೆ, ಕಸಗುಡಿಕೆ, ಬಟ್ಟೆ ಒಗೆಯುವ ಕೆಲಸಗಳನ್ನು ಬಂಧಿತರಿಂದಲೇ ಮಾಡಿಸಿ ಜಿಯೋ ಗ್ರೂಪ್ ದಿನಕ್ಕೆ ಒಂದು ಡಾಲರ್ ಕೊಡುತ್ತಿತ್ತು. ಕನಿಷ್ಠ ವೇತನದ ಬಾಕಿಯಾಗಿ 1.7 ಕೋಟಿ ಡಾಲರಿಗೂ ಹೆಚ್ಚು ಕೊಡಬೇಕೆಂದು 2021ರಲ್ಲಿ ಜ್ಯೂರಿ ತೀರ್ಪಿತ್ತಿತು. ಕಾಯಕ ಮಾಡಿದವನಿಗೆ ಸಲ್ಲಬೇಕಾದದ್ದನ್ನು ಕೊಡದೆ ಮಾಡಿಸಿಕೊಳ್ಳುವ ಕೆಲಸಕ್ಕೆ ಸುಲಿಗೆ ಎನ್ನದೆ ಬೇರೆ ಹೆಸರಿಲ್ಲ.

ಇದು ದೂರದ ಮಾತೆಂದು ಶರಣ ಬಂಧುಗಳು ಪುಟ ತಿರುವಬಾರದು. 2025ರ ಫೆಬ್ರುವರಿ 5ರಂದು ಅಮೆರಿಕದ ಸೇನಾ ವಿಮಾನದಲ್ಲಿ 104 ಭಾರತೀಯರು ಕೋಳ ಹಾಕಿಸಿಕೊಂಡು ಅಮೃತಸರಕ್ಕೆ ಬಂದಿಳಿದರು. ನಮ್ಮ ನೆಲದಲ್ಲೂ ಇಂಥ ಮನೆಯಿದೆ. ನೆಲಮಂಗಲ ಬಳಿಯ ಸೊಂಡೇಕೊಪ್ಪದಲ್ಲಿ ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿನಿಲಯವೊಂದಕ್ಕೆ ಎತ್ತರದ ಗೋಡೆ, ಮುಳ್ಳುತಂತಿ, ಕಾವಲು ಗೋಪುರ ಕಟ್ಟಿ 2019ರ ಕೊನೆಯ ಹೊತ್ತಿಗೆ ವಿದೇಶಿಯರ ಬಂಧನ ಕೇಂದ್ರವಾಗಿ ಮಾರ್ಪಡಿಸಲಾಯಿತು. ಮಠಗಳ ಪ್ರಸಾದ ನಿಲಯಗಳಲ್ಲಿ ಉಂಡು ಓದಿದವರಿಗೆ ಈ ಮಾರ್ಪಾಡಿನ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ.

ಗಡಿ ಕಾಯುವ, ಕಾನೂನು ಜಾರಿ ಮಾಡುವ ಅಧಿಕಾರ ಸರ್ಕಾರಕ್ಕಿದೆ, ಅದರಲ್ಲಿ ತಕರಾರಿಲ್ಲ. ಆ ಅಧಿಕಾರವನ್ನು ಗುತ್ತಿಗೆಗೆ ಕೊಡಬಾರದೆಂಬುದೇ ನಮ್ಮ ಮಾತು. ಸರ್ಕಾರಿ ಹಾಸ್ಟೆಲುಗಳ ಅಡುಗೆಯವರು, ಕಾವಲುಗಾರರು ಹೊರಗುತ್ತಿಗೆಗೆ ಸರಿದದ್ದನ್ನು ನಾವು ಕಂಡಿದ್ದೇವೆ. ನಾಳೆ ಬಂಧನ ಕೇಂದ್ರಗಳ ಬೀಗದ ಕೈಯೂ ಟೆಂಡರಿಗೆ ಬಂದರೆ ಆಗ ಎಚ್ಚರಾಗಿ ಪ್ರಯೋಜನವಿಲ್ಲ. ಇಂಥ ಕೇಂದ್ರಗಳು ಎಂದೂ ಖಾಸಗಿ ಕೈಗೆ ಹೋಗುವುದಿಲ್ಲವೆಂದು ರಾಜ್ಯ ಸರ್ಕಾರ ಈಗಲೇ ಬರವಣಿಗೆಯಲ್ಲಿ ಸಾರಲಿ. ನ್ಯಾಯಾಧೀಶರೂ ಮಾನವ ಹಕ್ಕುಗಳ ಆಯೋಗದವರೂ ಕಾಲಕಾಲಕ್ಕೆ ಭೇಟಿ ಕೊಡಲಿ. ಒಳಗಿದ್ದವರಿಗೆ ವಕೀಲರು, ವೈದ್ಯರು ಸಿಗಲಿ.

ಮೋಳಿಗೆಯ ಮಾರಯ್ಯ ಕಾಶ್ಮೀರದಿಂದ ಬಂದವನೆಂದು ಪರಂಪರೆ ಹೇಳುತ್ತದೆ. ಕಲ್ಯಾಣ ಅವನ ಕಾಗದ ಕೇಳಲಿಲ್ಲ. ಕಟ್ಟಿಗೆ ಹೊತ್ತು ಬದುಕಲು ಎಡೆ ಕೊಟ್ಟಿತು. ಅವನನ್ನು ನೆನೆಯುವ ನಾವು, ಪರದೇಶಿಯ ಸೆರೆಯಿಂದ ಲಾಭ ಗಳಿಸುವ ವ್ಯವಹಾರಕ್ಕೆ ಮೌನದಿಂದಲೂ ಸಮ್ಮತಿ ಕೊಡಲಾಗದು.