ಶರೀರ ವಿಚಾರ: ಜಿಗಿತದ ಬಲವು ಎಲ್ಲಿಯದು?

ಪೊಲೀಸು ಮತ್ತು ಸೈನ್ಯದ ನೌಕರಿಯನ್ನು ಬಯಸುವ ತರುಣರು ನಮ್ಮ ಗಿಣಿಗೇರಾದ ಬಯಲಿನಲ್ಲಿ ಬೆಳಗಿನ ಜಾವದಲ್ಲಿಯೇ ಓಟ, ಉದ್ದ ಜಿಗಿತಗಳನ್ನು ಅಭ್ಯಾಸ ಮಾಡುವುದನ್ನು ನಾವು ಸಂತೋಷದಿಂದ ನೋಡುತ್ತಿರುವೆವು. ಆದರೆ ಕೆಲವರು, ಕಾಲಿಗೆ ಬಲ ಬರುವುದೆಂದು, ಆಳೆತ್ತರದ ಗೋಡೆಯಿಂದ ಗಟ್ಟಿ ನೆಲಕ್ಕೆ ಮೇಲಿಂದ ಮೇಲೆ ಧುಮುಕುವರು. ಇದಕ್ಕೆ ‘ಪ್ಲೈಯೊಮೆಟ್ರಿಕ್ಸ್’ ಎಂದು ಹೆಸರನ್ನೂ ಹೇಳುವರು. ಮನೆಯ ಹಿರಿಯರು ಇದರ ಮರ್ಮವನ್ನರಿತರೆ ಮಕ್ಕಳ ಮೊಣಕಾಲು ಉಳಿದೀತು.

ವಾಚಕರು ಮನೆಯ ಹುಡುಗರಿಂದ ಒಂದು ಪರೀಕ್ಷೆಯನ್ನು ಮಾಡಿಸಲಿ. ಬೆರಳಿಗೆ ಸುಣ್ಣ ಹಚ್ಚಿಕೊಂಡು ಗೋಡೆಯ ಬದಿಗೆ ನಿಂತು, ಮೊಣಕಾಲು ಬಗ್ಗಿಸಿ, ಮೂರೆಣಿಸುವವರೆಗೆ ತಡೆದು, ಅಲ್ಲಿಂದ ಜಿಗಿದು ಗುರುತು ಮಾಡಲಿ. ಬಳಿಕ ನೆಟ್ಟಗೆ ನಿಂತು, ಥಟ್ಟನೆ ಬಗ್ಗಿ, ತಡೆಯದೆ ಜಿಗಿಯಲಿ. ಎರಡನೆಯ ಗುರುತು ಸಾಮಾನ್ಯವಾಗಿ ಕೆಲವು ಸೆಂಟಿಮೀಟರು ಮೇಲಿರುವುದು. ಕಾಲೂ ಅದೇ, ತೂಕವೂ ಅದೇ. ಹೆಚ್ಚಿನ ಬಲವು ಎಲ್ಲಿಂದ ಬಂದಿತು?

ಕಾರಣಗಳು ಮೂರು. ಬಗ್ಗುವಾಗ ತೊಡೆಯ ಮತ್ತು ಮೀನಖಂಡದ ಮಾಂಸಖಂಡಗಳು ದೇಹದ ಭಾರವನ್ನು ತಡೆಯುವುದರಿಂದ, ಮೇಲೇಳುವ ಮುನ್ನವೇ ಬಿಗಿದು ಸಿದ್ಧವಾಗಿರುವವು. ಎರಡನೆಯದಾಗಿ, ಹಿಮ್ಮಡಿಯ ಮೇಲಣ ಸ್ನಾಯುರಜ್ಜುವು ಎಳೆದ ಬಿಲ್ಲಿನಂತೆ ಶಕ್ತಿಯನ್ನು ಕೂಡಿಟ್ಟು ಒಡನೆಯೇ ಹಿಂದಿರುಗಿಸುವುದು. ತಡೆದು ನಿಂತರೆ ಆ ಶಕ್ತಿಯು ಉಷ್ಣವಾಗಿ ಪೋಲಾಗುವುದು. ಮೂರನೆಯದಾಗಿ, ಮಾಂಸಖಂಡದೊಳಗೆ ಕದಿರಿನಾಕಾರದ ಸೂಕ್ಷ್ಮಾಂಗಗಳುಂಟು. ಖಂಡವು ವೇಗವಾಗಿ ಸೆಳೆಯಲ್ಪಟ್ಟೊಡನೆ ಅವು ಬೆನ್ನುಹುರಿಗೆ ಸುದ್ದಿ ಮುಟ್ಟಿಸುವವು. ಬೆನ್ನುಹುರಿಯು ಮೆದುಳಿನ ಅಪ್ಪಣೆಗೆ ಕಾಯದೆ ಖಂಡವನ್ನು ಕುಗ್ಗಿಸುವುದು. ವೈದ್ಯರು ಮಂಡಿಚಿಪ್ಪಿನ ಕೆಳಗೆ ಸುತ್ತಿಗೆಯಿಂದ ತಟ್ಟಿದಾಗ ಕಾಲು ತಾನಾಗಿ ಚಿಮ್ಮುವುದೂ ಇದರಿಂದಲೇ. ಈ ಪರಾವರ್ತಿತ ಕ್ರಿಯೆಯನ್ನು 1924ರಲ್ಲಿ ಲಿಡೆಲ್ ಮತ್ತು ಶೆರಿಂಗ್ಟನ್ ಎಂಬ ಆಂಗ್ಲ ಶರೀರಶಾಸ್ತ್ರಜ್ಞರು ವಿವರಿಸಿದರು.

ಎತ್ತರದಿಂದ ಇಳಿದೊಡನೆ ಪುಟಿಯುವ ವ್ಯಾಯಾಮವನ್ನು 1960ರ ದಶಕದಲ್ಲಿ ಸೋವಿಯತ್ ದೇಶದ ವೆರ್ಖೊಶಾನ್ಸ್ಕಿ ಎಂಬವರು ಕ್ರಮಗೊಳಿಸಿದರು. ಈಗಿನ ಹೆಸರು 1975ರಲ್ಲಿ ಅಮೆರಿಕದ ಫ್ರೆಡ್ ವಿಲ್ಟ್ ಎಂಬವರಿಂದ ಬಂದುದು. ಅದು ನಮ್ಮ ‘ಪ್ಲುತಿ’ಯ ನೆಂಟನಂತೆ ಕೇಳಿಸಿದರೂ ‘ಅಧಿಕ’ ಮತ್ತು ‘ಅಳತೆ’ ಎಂಬರ್ಥದ ಗ್ರೀಕ್ ಪದಗಳಿಂದಾದುದು.

ಆದುದರಿಂದ ಬಲವಿರುವುದು ಬೀಳುವ ಎತ್ತರದಲ್ಲಲ್ಲ, ನೆಲ ಮುಟ್ಟಿ ಪುಟಿಯುವ ಶೀಘ್ರತೆಯಲ್ಲಿ. ಎತ್ತರವು ಮಿತಿಮೀರಿದರೆ ಕಾಲು ಕುಸಿದು, ಪುಟಿಯಲು ತಡವಾಗಿ, ಲಾಭವು ಹೋಗಿ ಪೆಟ್ಟು ಮಾತ್ರ ಉಳಿಯುವುದು. ಮೊದಲು ಬಸ್ಕಿಯಿಂದ ಕಾಲು ಗಟ್ಟಿಯಾಗಲಿ. ಅನಂತರ, ಮೊಣಕಾಲು ಒಳಕ್ಕೆ ವಾಲದಂತೆ, ಸದ್ದಿಲ್ಲದೆ ಇಳಿಯುವುದನ್ನು ಕಲಿಯಲಿ. ಆಮೇಲೆ ಹಗ್ಗದಾಟ, ಕುಂಟಾಟ. ಕಟ್ಟಕಡೆಗೆ ಗೇಣೆತ್ತರದ ಮೆಟ್ಟಿಲು. ನೆಲವು ಹುಲ್ಲಿನದು ಇಲ್ಲವೆ ಹದಗೊಳಿಸಿದ ಮಣ್ಣಿನದಾಗಿರಲಿ. ವಾರಕ್ಕೆ ಎರಡು ದಿನ ಸಾಕು; ನಡುವೆ 48 ಗಂಟೆಯಾದರೂ ವಿಶ್ರಾಂತಿ ಬೇಕು. ದಣಿದ ಕಾಲಿನಿಂದ ಜಿಗಿಯಕೂಡದು. ನೋವು ಕಂಡರೆ ನಿಲ್ಲಿಸಿ ವೈದ್ಯರಿಗೆ ತೋರಿಸತಕ್ಕದ್ದು.

ನೌಕರಿಯ ಪರೀಕ್ಷೆಯು ಇನ್ನೊಮ್ಮೆ ಬಂದೀತು. ಕೆಟ್ಟ ಮೊಣಕಾಲು ಮೊದಲಿನಂತಾಗುವುದು ಕಷ್ಟ.