ಹೆಸರಳಿಸಿದ ಬಿಡಿಭಾಗಗಳು

ಕೆಟ್ಟ ಯುಪಿಎಸ್ ಅಥವಾ ಸೆಟ್‌ಟಾಪ್ ಬಾಕ್ಸನ್ನು ಬಿಚ್ಚಿ, ಸರ್ಕ್ಯೂಟ್ ಬೋರ್ಡಿನಲ್ಲಿ ಸುಟ್ಟು ಕಪ್ಪಾದ ತುಣುಕೊಂದನ್ನು ತೋರಿಸಿ ‘ಇದೇನು ಸಾರ್?’ ಎಂದು ಕೇಳುವ ಹವ್ಯಾಸಿ ತರುಣರು ಇಂದಿಗೂ ಇದ್ದಾರೆ ಎಂಬುದು ಸಮಾಧಾನದ ಸಂಗತಿ. ಆದರೆ ಆ ಪ್ರಶ್ನೆಗೆ ಉತ್ತರಿಸುವುದು ವರ್ಷದಿಂದ ವರ್ಷಕ್ಕೆ ಕಠಿಣವಾಗುತ್ತಿದೆ. ತಂತ್ರಜ್ಞಾನದ ಬೆಳವಣಿಗೆ ಅದಕ್ಕೆ ಅರ್ಧ ಕಾರಣ. ಇನ್ನರ್ಧ ತಯಾರಕರ ಮುಚ್ಚುಮರೆ ಎಂಬುದು ನನ್ನ ಆರೋಪ.

ಹಿಂದೆ ರೆಸಿಸ್ಟರ್ ಮೈಮೇಲಿನ ಪಟ್ಟಿಗಳಿಂದಲೇ ತನ್ನ ಪರಿಚಯ ಹೇಳಿಕೊಳ್ಳುತ್ತಿತ್ತು. ಹಳದಿ, ನೇರಳೆ, ಕೆಂಪು ಎಂದರೆ 4,700 ಓಮ್. ಈಗ ಅಕ್ಕಿಕಾಳಿಗಿಂತ ಚಿಕ್ಕ ರೆಸಿಸ್ಟರಿನ ಮೇಲೆ 103 ಎಂದಿದ್ದರೆ 10 ಸಾವಿರ ಓಮ್. ಇನ್ನೊಂದು ಪದ್ಧತಿಯಲ್ಲಿ ಅದೇ ಮೌಲ್ಯ ‘01ಸಿ’ ಆಗುತ್ತದೆ. ಅಲ್ಲಿ ಬರಹವಾದರೂ ಇದೆ. ಪಕ್ಕದ ಕಂದುಬಣ್ಣದ ಪುಟ್ಟ ಸಿರಾಮಿಕ್ ಕೆಪಾಸಿಟರಿನ ಮೇಲೆ ಸಾಮಾನ್ಯವಾಗಿ ಏನೂ ಇರುವುದಿಲ್ಲ. ಮೂರು ಕಾಲಿದ್ದ ಮಾತ್ರಕ್ಕೆ ಟ್ರಾನ್ಸಿಸ್ಟರ್ ಎನ್ನುವಂತಿಲ್ಲ, ಒಳಗೆ ಜೋಡಿ ಡಯೋಡ್‌ಗಳಿರಬಹುದು. ಅದರ ಮೇಲಿನ ಒಂದೇ ಸಂಕೇತವನ್ನು ಬೇರೆ ಬೇರೆ ಕಂಪನಿಗಳು ಬೇರೆ ಬೇರೆ ವಸ್ತುಗಳಿಗೆ ಬಳಸುವುದೂ ಉಂಟು.

ಆದ್ದರಿಂದ ಫೋಟೊ ನೋಡಿದೊಡನೆ ಉತ್ತರ ಹೇಳುವ ಪಂಡಿತರನ್ನು ನಾನು ನಂಬುವುದಿಲ್ಲ. ಬಿಡಿಭಾಗದ ಮುಖಕ್ಕಿಂತ ಅದರ ನೆರೆಹೊರೆ ಹೆಚ್ಚು ಹೇಳುತ್ತದೆ. ಯಾವ ಉಪಕರಣ, ಬೋರ್ಡಿನ ಮೇಲೆ ಪಕ್ಕದಲ್ಲಿ ಅಚ್ಚಾದ ಅಕ್ಷರ ಯಾವುದು, ತಾಮ್ರದ ಗೆರೆ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಮೊದಲು ಕೇಳಬೇಕು. ರೆಸಿಸ್ಟರಿನಂತೆ ಕಾಣುವುದರ ಪಕ್ಕದಲ್ಲಿ ‘ಎಲ್’ ಎಂದಿದ್ದರೆ ಅದು ಬಹುಶಃ ಇಂಡಕ್ಟರ್. ‘ಎಫ್’ ಎಂದಿದ್ದರೆ ಅದು ಮಾಡುತ್ತಿರುವುದು ಫ್ಯೂಸಿನ ಕೆಲಸ.

ಇದು ಬರಿಯ ಕುತೂಹಲದ ಮಾತಲ್ಲ. ವಿದ್ಯುತ್ ಪ್ರವೇಶಿಸುವ ಜಾಗದಲ್ಲಿ ಬಿಲ್ಲೆಯಾಕಾರದ ಮೂರು ವಸ್ತುಗಳು ಒಂದೇ ತಾಯಿಯ ಮಕ್ಕಳಂತೆ ಕುಳಿತಿರುತ್ತವೆ. ಎರಡು ತಂತಿಗಳ ನಡುವೆ ಇರುವುದು ವ್ಯಾರಿಸ್ಟರ್. ವೋಲ್ಟೇಜ್ ಹಠಾತ್ತನೆ ಏರಿದಾಗ ತಾನು ಸುಟ್ಟುಕೊಂಡಾದರೂ ಉಳಿದವನ್ನು ಕಾಯುತ್ತದೆ. ತಂತಿಯ ದಾರಿಯಲ್ಲೇ ಇರುವುದು ಥರ್ಮಿಸ್ಟರ್; ಸ್ವಿಚ್ ಹಾಕಿದ ಕ್ಷಣದ ಪ್ರವಾಹದ ರಭಸವನ್ನು ತಡೆಯುತ್ತದೆ. ಮನೆಯ ಲೈನಿಗೂ ನಾವು ಮುಟ್ಟುವ ಭಾಗಕ್ಕೂ ನಡುವೆ ಇರುವುದು ‘ವೈ’ ದರ್ಜೆಯ ಕೆಪಾಸಿಟರ್. ಅಲ್ಲಿ ಮೌಲ್ಯ ಒಂದೇ ಎಂದು ಸಾಧಾರಣ ಕೆಪಾಸಿಟರ್ ಬೆಸೆದರೆ ಉಪಕರಣ ಚೆನ್ನಾಗಿಯೇ ನಡೆಯುತ್ತದೆ. ಅದು ಒಳಗೊಳಗೇ ಶಾರ್ಟ್ ಆದ ದಿನ ಲೈನಿನ ವಿದ್ಯುತ್ತು ಮುಟ್ಟಿದವರ ಕೈಗೆ ಬರುತ್ತದೆ. ಅಂದ ಹಾಗೆ, ಪ್ಲಗ್ ಕಿತ್ತ ಮೇಲೂ ಪವರ್ ಸಪ್ಲೈನ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ಉಳಿದಿರಬಹುದೆಂಬುದನ್ನು ತರುಣರಿಗೆ ಎಲ್ಲಕ್ಕೂ ಮೊದಲು ಹೇಳಬೇಕು.

ಇಂತಹ ಕಡೆ ಊಹೆಗೆ ಎಡೆಗೊಡುವುದೇ ತಪ್ಪು. ಆದರೂ ಕೆಲವು ತಯಾರಕರು ಐಸಿಯ ಮೇಲಿನ ಸಂಖ್ಯೆಯನ್ನು ಬೇಕೆಂದೇ ಉಜ್ಜಿ ಅಳಿಸುತ್ತಾರೆ. ಪ್ರತಿಸ್ಪರ್ಧಿಗಳು ನಕಲು ಮಾಡುತ್ತಾರೆಂಬುದು ಅವರ ಸಮರ್ಥನೆ. ಹಣವಿರುವ ಪ್ರತಿಸ್ಪರ್ಧಿ ಎಕ್ಸ್‌ರೇ ಹಿಡಿದೋ ಹೊದಿಕೆ ಕರಗಿಸಿಯೋ ಒಳಗನ್ನು ನೋಡಬಲ್ಲ. ದಾರಿ ಮುಚ್ಚುವುದು ವಿದ್ಯಾರ್ಥಿಗೆ ಮತ್ತು ಬೀದಿಯ ರಿಪೇರಿಯವನಿಗೆ ಮಾತ್ರ. ಐಬಿಎಂ ಕಂಪನಿ 1981ರಲ್ಲಿ ತನ್ನ ಪಿಸಿಯ ಸರ್ಕ್ಯೂಟ್ ನಕ್ಷೆಗಳನ್ನು ತಾಂತ್ರಿಕ ಕೈಪಿಡಿಯಲ್ಲಿ ಮುದ್ರಿಸಿ ಮಾರಿತ್ತು. ಹಳೆಯ ವಾಲ್ವ್ ರೇಡಿಯೊಗಳಲ್ಲಿ ಎಷ್ಟೋ ಕಡೆ ನಕ್ಷೆಯನ್ನು ಪೆಟ್ಟಿಗೆಯೊಳಗೇ ಅಂಟಿಸಿರುತ್ತಿದ್ದರು.

ದುರಸ್ತಿಯ ಹಕ್ಕಿಗಾಗಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ಸಮಿತಿ ರಚಿಸಿತು, ಡಿಸೆಂಬರಿನಲ್ಲಿ ಪೋರ್ಟಲ್ ತೆರೆಯಿತು. ಒಳ್ಳೆಯದೇ. ಆದರೆ ಸರ್ವಿಸ್ ಸೆಂಟರಿನ ವಿಳಾಸ ಕೊಟ್ಟರೆ ಹಕ್ಕು ಕೊಟ್ಟಂತಾಗದು. ಮಾರಾಟವಾಗುವ ಪ್ರತಿ ಉಪಕರಣದ ಸರ್ಕ್ಯೂಟ್ ನಕ್ಷೆ ಸಿಗಬೇಕು. ಅದಾಗದಿದ್ದರೆ, ಲೈನಿಗೂ ಬಳಸುವವರಿಗೂ ನಡುವೆ ನಿಲ್ಲುವ ಬಿಡಿಭಾಗಗಳ ಹೆಸರು, ಮೌಲ್ಯ, ದರ್ಜೆಗಳಾದರೂ ಬೋರ್ಡಿನ ಮೇಲೆ ಅಚ್ಚಾಗಬೇಕು.

ಇತ್ತ ನಮ್ಮ ಕಾಲೇಜುಗಳೂ ಮಾಡಬಹುದಾದದ್ದಿದೆ. ಲ್ಯಾಬಿನಲ್ಲಿ ಹೆಸರು ಬರೆದ ಡಬ್ಬಿಗಳಿಂದ ರೆಸಿಸ್ಟರ್ ಎತ್ತಿಕೊಟ್ಟು ಪ್ರಯೋಗ ಮಾಡಿಸುತ್ತೇವೆ. ಅದರ ಬದಲು ಗುಜರಿಯಿಂದ ತೂಕದ ಲೆಕ್ಕದಲ್ಲಿ ಹಳೆಯ ಬೋರ್ಡುಗಳನ್ನು ತಂದು, ಮಲ್ಟಿಮೀಟರ್ ಮತ್ತು ಭೂತಗನ್ನಡಿಯೊಂದಿಗೆ ಇಬ್ಬರಿಗೊಂದರಂತೆ ಕೊಟ್ಟು, ಒಂದು ಸೆಮಿಸ್ಟರ್ ಪೂರ್ತಿ ಅದರ ನಕ್ಷೆ ಬರೆಸಲಿ.